ಅಂಕ ಏರಿಸಿದರೂ ಕರೆ ಬಾರದ ಸರದಿ: ಕೆನಡಾ ಪಿಆರ್‌ನ ಈಗಿನ ಲೆಕ್ಕ

ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಐದು ವರ್ಷ ದುಡಿದ, 29 ವರ್ಷ ವಯಸ್ಸಿನ, ಇನ್ನೂ ಮದುವೆಯಾಗದ ಬಿ.ಇ. ಪದವೀಧರರೊಬ್ಬರು ಕೆನಡಾದ ಕಾಯಂ ವಾಸಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಪಿಆರ್‌ಗೆ, ಇಲ್ಲಿಂದಲೇ ಪ್ರಯತ್ನಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅಲ್ಲಿನ ಸಮಗ್ರ ರ‍್ಯಾಂಕಿಂಗ್ ಪದ್ಧತಿಯಲ್ಲಿ, ಅಂದರೆ ಸಿಆರ್‌ಎಸ್‌ನಲ್ಲಿ, ಅವರಿಗೆ ವಯಸ್ಸಿಗಾಗಿ 110 ಅಂಕ, ನಾಲ್ಕು ವರ್ಷದ ಪದವಿಗೆ 120, ಇಂಗ್ಲಿಷ್ ಪರೀಕ್ಷೆಯಲ್ಲಿ ಅತ್ಯುತ್ತಮ ಫಲಿತಾಂಶ ಬಂದರೆ 136, ಪದವಿಯೂ ಭಾಷೆಯೂ ಕೂಡಿದ್ದಕ್ಕೆ 25, ಅನುಭವವೂ ಭಾಷೆಯೂ ಕೂಡಿದ್ದಕ್ಕೆ 50 ಸಿಗುತ್ತವೆ. ಒಟ್ಟು 441. ಇವರೇ ಎಂ.ಟೆಕ್. ಮಾಡಿದ್ದರೆ 481, ಪಿಎಚ್‌ಡಿ ಪಡೆದಿದ್ದರೆ 496. ಒಡಹುಟ್ಟಿದವರೊಬ್ಬರು ಈಗಾಗಲೇ ಕೆನಡಾದಲ್ಲಿ ಪಿಆರ್ ಅಥವಾ ಪೌರತ್ವ ಪಡೆದು ನೆಲೆಸಿದ್ದರೆ ಇನ್ನು 15 ಸೇರಿ 511. ಅರ್ಹರೆಲ್ಲರನ್ನೂ ಒಂದೇ ಪಟ್ಟಿಯಲ್ಲಿಟ್ಟು, ಪಿಆರ್‌ಗೆ ಅರ್ಜಿ ಹಾಕಲು ಆಹ್ವಾನ ನೀಡಿದ ಕೊನೆಯ ಸಾಮಾನ್ಯ ಸುತ್ತು ನಡೆದದ್ದು 2024ರ ಏಪ್ರಿಲ್ 23ರಂದು, ಆ ಸುತ್ತಿನ ಕಟ್-ಆಫ್ 529. 2025ರ ಇಡೀ ವರ್ಷದಲ್ಲಿ ಅಂಥ ಒಂದು ಸುತ್ತೂ ನಡೆಯಲಿಲ್ಲ.

ಫ್ರೆಂಚ್ ಭಾಷೆ, ಇವರು ನಮಗೆ ಬೇಕು ಎಂದು ಯಾವುದಾದರೊಂದು ಪ್ರಾಂತ್ಯ ಮಾಡುವ ನಾಮನಿರ್ದೇಶನ, ಕೆನಡಾದ ನೆಲದಲ್ಲೇ ಮಾಡಿದ ಕೆಲಸ, ಈ ಮೂರರಲ್ಲಿ ಒಂದೂ ಇಲ್ಲದ ಭಾರತೀಯ ಐಟಿ ಉದ್ಯೋಗಿಗೆ ಇಂದಿನ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕದ ಸರದಿಯಿಂದ ಕುಶಲ ವಲಸಿಗರನ್ನು ಆರಿಸುವ ಕೆನಡಾದ ವ್ಯವಸ್ಥೆಯಲ್ಲಿ, ಆಹ್ವಾನ ಬರುವ ದಾರಿ ಮುಚ್ಚಿದೆ ಎಂಬುದು ಅಭಿಪ್ರಾಯವಲ್ಲ, ಕೂಡಿ ಕಳೆದು ನೋಡಿದರೆ ಸಿಗುವ ಉತ್ತರ. ಹೀಗಿದ್ದರೂ ಇದೇ ಉದ್ಯೋಗಿಯಿಂದ ದೊಡ್ಡ ಮೊತ್ತದ ಶುಲ್ಕ ಪಡೆದು ಪ್ರೊಫೈಲ್ ತೆರೆದುಕೊಡುವ ಏಜೆನ್ಸಿಗಳು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಪ್ರೊಫೈಲ್ ತೆರೆಯಲು ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಏನೂ ಇಲ್ಲ. ತೆರೆದ ಪ್ರೊಫೈಲ್ ಒಂದು ವರ್ಷ ಜೀವಂತವಾಗಿರುತ್ತದೆ, ಆಮೇಲೆ ತಾನಾಗಿಯೇ ರದ್ದಾಗುತ್ತದೆ.

ಈ ಸ್ಥಿತಿಗೆ ಬಂದ ಬಗೆಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ವಲಸಿಗರ ಮೂಲದೇಶ, ಜನಾಂಗಗಳನ್ನು ನೋಡಿ ಒಳಗೆ ಬಿಡುತ್ತಿದ್ದ ಪದ್ಧತಿಯನ್ನು 1962ರಲ್ಲಿ ಬಹುಮಟ್ಟಿಗೆ ಕೈಬಿಟ್ಟ ಕೆನಡಾ, 1967ರಲ್ಲಿ ಅಂಕ ಪದ್ಧತಿಯನ್ನು ಜಾರಿಗೆ ತಂದಿತು. ಓದು, ಕಸುಬು, ವಯಸ್ಸು, ಭಾಷೆಗಳಿಗೆ ಅಂಕ ಕೊಟ್ಟು ಯಾವ ದೇಶದವರನ್ನಾದರೂ ಒಂದೇ ಅಳತೆಯಲ್ಲಿ ಅಳೆಯುವ ಈ ಕ್ರಮ ಅಂದಿನ ಜಗತ್ತಿಗೆ ಹೊಸದು. ಭಾರತದಿಂದ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಅದರಿಂದಲೇ. ಆ ಪದ್ಧತಿಯಲ್ಲಿ ನಿಗದಿತ ಅಂಕ ದಾಟಿದವರ ಅರ್ಜಿಯನ್ನು ಪರಿಶೀಲಿಸುವುದು ಸರ್ಕಾರದ ಹೊಣೆಯಾಗಿತ್ತು. ದಾಟುವವರು ಹೆಚ್ಚಿದಂತೆ ಕಡತಗಳು ರಾಶಿಬಿದ್ದವು. ಕೊನೆಗೆ 2012ರಲ್ಲಿ ಕಾನೂನು ತಂದು, 2008ರ ಫೆಬ್ರುವರಿಗೆ ಮೊದಲು ಸಲ್ಲಿಕೆಯಾಗಿ ತೀರ್ಮಾನವಾಗದೆ ಉಳಿದಿದ್ದ, ಸುಮಾರು 2,80,000 ಜನರಿಗೆ ಸಂಬಂಧಿಸಿದ ಅರ್ಜಿಗಳನ್ನು ಒಂದೇ ಏಟಿಗೆ ರದ್ದು ಮಾಡಲಾಯಿತು. ವರ್ಷಗಟ್ಟಲೆ ಕಾದವರಿಗೆ ಸಿಕ್ಕಿದ್ದು ಕಟ್ಟಿದ ಶುಲ್ಕ ಮಾತ್ರ. ಅಂಕ ಪದ್ಧತಿಯಲ್ಲಿ ನಂಬಿಕೆ ಇಡುವವರು ಈ ಪ್ರಸಂಗವನ್ನು ಮರೆಯಬಾರದು ಎಂದು ನನಗೆ ಅನ್ನಿಸುತ್ತದೆ.

2015ರ ಜನವರಿ 1ರಿಂದ ಬಂದ ಎಕ್ಸ್‌ಪ್ರೆಸ್ ಎಂಟ್ರಿ ಈ ಹೊಣೆಯನ್ನೇ ತೆಗೆದುಹಾಕಿತು. ಹೊರದೇಶದಲ್ಲಿ ಕೆಲಸ ಮಾಡಿದ ಕುಶಲರೂ ಸೇರಬಹುದಾದ ಫೆಡರಲ್ ಸ್ಕಿಲ್ಡ್ ವರ್ಕರ್ ಯೋಜನೆಯಲ್ಲಿ 100ಕ್ಕೆ 67 ಅಂಕ ಪಡೆಯಬೇಕೆಂಬ ಹಳೆಯ ನಿಯಮ ಈಗಲೂ ಇದೆ, ಆದರೆ ಅದು ಸರದಿಯಲ್ಲಿ ನಿಲ್ಲಲು ಬೇಕಾದ ಅರ್ಹತೆ ಮಾತ್ರ. ನಿಂತಮೇಲೆ 1200 ಅಂಕಗಳ ಸಿಆರ್‌ಎಸ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಸ್ಥಾನ ಸಿಗುತ್ತದೆ, ಸರ್ಕಾರ ಆಗಾಗ ಡ್ರಾ ನಡೆಸಿ ಮೇಲಿನಿಂದ ಬೇಕಾದಷ್ಟು ಜನರನ್ನು ಕರೆಯುತ್ತದೆ. ಪಿಯುಸಿ ಪಾಸಾಗುವುದಕ್ಕೂ ಸಿಇಟಿ ರ‍್ಯಾಂಕಿಗೂ ಇರುವ ವ್ಯತ್ಯಾಸ ಇದು: ನಿಮ್ಮ ಅಂಕ ಎಷ್ಟೆಂಬುದಕ್ಕಿಂತ ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ಆ ವರ್ಷ ಸೀಟುಗಳನ್ನು ಯಾವ ವರ್ಗಕ್ಕೆ ಎಷ್ಟೆಂದು ಹಂಚಿದ್ದಾರೆ ಎಂಬುದೇ ಮುಖ್ಯ. ಕಟ್-ಆಫ್ ಎಷ್ಟು ಏರಿಳಿಯಬಹುದು ಎಂಬುದಕ್ಕೆ 2021ರ ಫೆಬ್ರುವರಿ 13ರ ಡ್ರಾ ಸಾಕ್ಷಿ. ಕೋವಿಡ್‌ನಿಂದ ಗಡಿ ಮುಚ್ಚಿದ್ದಾಗ ವರ್ಷದ ಗುರಿ ತಲುಪಲು ದೇಶದೊಳಗಿದ್ದವರನ್ನೇ ಕರೆಯಬೇಕಾಗಿ, ಕೆನಡಾದಲ್ಲೇ ಕೆಲಸ ಮಾಡಿದವರಿಗಾಗಿರುವ ಕೆನಡಿಯನ್ ಅನುಭವ ವರ್ಗದ 27,332 ಜನರಿಗೆ ಒಂದೇ ದಿನ ಆಹ್ವಾನ ಹೋಯಿತು, ಕಟ್-ಆಫ್ 75ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ 450, 470 ಅಂಕ ಹಿಡಿದು ಭಾರತದಲ್ಲಿ ಕಾಯುತ್ತಿದ್ದವರಿಗೆ 2022ರ ಜುಲೈ ವರೆಗೆ, ಒಂದೂವರೆ ವರ್ಷ, ಯಾವ ಸುತ್ತೂ ಇರಲಿಲ್ಲ. ಕಾಯುತ್ತಿದ್ದಾಗ ಅವರ ವಯಸ್ಸು ಏರಿತು, ಅಂಕ ಇಳಿಯಿತು. 29ರ ವರೆಗೆ ಸಿಗುವ 110 ಅಂಕ 30ಕ್ಕೆ 105 ಆಗುತ್ತದೆ, 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ.

2022ರಲ್ಲಿ ಆದ ತಿದ್ದುಪಡಿಯಿಂದ ಸಚಿವರಿಗೆ ಇನ್ನೊಂದು ಅಧಿಕಾರ ಬಂತು. ಅಂಕಪಟ್ಟಿಯ ತುದಿಯಿಂದಲೇ ಕರೆಯಬೇಕಾಗಿಲ್ಲ, ದೇಶಕ್ಕೆ ಬೇಕಾದ ವರ್ಗವೊಂದನ್ನು ಹೆಸರಿಸಿ ಆ ವರ್ಗದೊಳಗಿನವರನ್ನು ಮಾತ್ರ ಕರೆಯಬಹುದು. 2023ರ ಜೂನ್ ಕೊನೆಯಲ್ಲಿ ಆರೋಗ್ಯ ಕ್ಷೇತ್ರದವರಿಗೆ ಅಂಥ ಮೊದಲ ಸುತ್ತು ನಡೆಯಿತು. ಆಗ ಇದ್ದ ಆರು ವರ್ಗಗಳಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತಗಳ ಸ್ಟೆಮ್ ವರ್ಗವೂ ಒಂದಾಗಿದ್ದರಿಂದ ಬೆಂಗಳೂರಿನ ಐಟಿ ವಲಯದಲ್ಲಿ ಸಹಜವಾಗಿಯೇ ಆಸೆ ಚಿಗುರಿತು. ಆ ವರ್ಗಕ್ಕೆ 2024ರ ಏಪ್ರಿಲ್ 11ರಂದು 491ರ ಕಟ್-ಆಫ್‌ನಲ್ಲಿ ಒಂದು ಸುತ್ತು ನಡೆದದ್ದೇ ಕೊನೆ. 2025ರ ಫೆಬ್ರುವರಿ 27ರಂದು ಹೊರಬಂದ ಹೊಸ ಪಟ್ಟಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಸಾಫ್ಟ್‌ವೇರ್ ಡೆವಲಪರ್, ಡೇಟಾ ಸೈಂಟಿಸ್ಟ್ ಮುಂತಾದ ಹುದ್ದೆಗಳು ಆ ವರ್ಗದಿಂದಲೇ ಹೋಗಿದ್ದವು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಜಿನಿಯರುಗಳು ಅಲ್ಲಿ ಉಳಿದರು ಅಥವಾ ಹೊಸದಾಗಿ ಸೇರಿದರು. ಆದರೆ 2025ರಲ್ಲಿ ಆ ವರ್ಗಕ್ಕೆ ಒಂದು ಸುತ್ತೂ ನಡೆಯದೆ ಅವರಿಗೂ ಉಪಯೋಗವಾಗಲಿಲ್ಲ.

ಆರೋಗ್ಯ ಕ್ಷೇತ್ರದ ಬಾಗಿಲು ತೆರೆದಿದೆ ಎಂಬ ಮಾತು ನರ್ಸಿಂಗ್ ಕಾಲೇಜುಗಳ ಸುತ್ತ ಬಹಳ ಕೇಳಿಬರುತ್ತದೆ, ಅದನ್ನೂ ಲೆಕ್ಕ ಹಾಕಿಯೇ ನೋಡಬೇಕು. 2025ರಲ್ಲಿ ಆ ವರ್ಗದ ಕಟ್-ಆಫ್ 510ರಿಂದ ಶುರುವಾಗಿ ವರ್ಷದ ಮಧ್ಯದ ಮೇಲೆ 470ರ ಆಸುಪಾಸಿಗೆ ಬಂತು, 460ಕ್ಕಿಂತ ಕೆಳಗಿಳಿಯಲಿಲ್ಲ. ಬಿ.ಎಸ್‌ಸಿ. ನರ್ಸಿಂಗ್ ಮಾಡಿ ಇಲ್ಲಿ ಮೂರು ವರ್ಷಕ್ಕೂ ಮೇಲೆ ಆಸ್ಪತ್ರೆಯಲ್ಲಿ ದುಡಿದವರೊಬ್ಬರ ಗರಿಷ್ಠವೂ ಮೇಲೆ ಹೇಳಿದ ಬಿ.ಇ. ಪದವೀಧರರದ್ದೇ, ಅಂದರೆ 441. ಎಂ.ಎಸ್‌ಸಿ. ನರ್ಸಿಂಗ್ ಮಾಡಿದವರಿಗೆ, ಅದೂ ವಯಸ್ಸು 30 ದಾಟುವ ಮೊದಲು ಮತ್ತು ಇಂಗ್ಲಿಷ್ ಫಲಿತಾಂಶ ತುಂಬ ಚೆನ್ನಾಗಿದ್ದರೆ, ಅವಕಾಶ ನಿಜವಾಗಿಯೂ ಇದೆ. ಆಹ್ವಾನ ಬಂದು ಪಿಆರ್ ಸಿಕ್ಕಿದರೂ ಅಲ್ಲಿ ನರ್ಸ್ ಆಗಿ ಕೆಲಸ ಮಾಡಲು ಆಯಾ ಪ್ರಾಂತ್ಯದ ನಿಯಂತ್ರಣ ಮಂಡಳಿಯ ಪರವಾನಗಿ ಬೇರೆಯೇ ಬೇಕು. ಪಿಆರ್ ಕೊಡುವವರು ಬೇರೆ, ಪರವಾನಗಿ ಕೊಡುವವರು ಬೇರೆ.

ಹಾಗಾದರೆ ಹೊರಗಿನಿಂದಲೇ ಪ್ರಯತ್ನಿಸುವವರಿಗೆ ಉಳಿದಿರುವ ಅತ್ಯಂತ ಖಚಿತ ದಾರಿ ಯಾವುದು? ಫ್ರೆಂಚ್. 2023ರಲ್ಲಿ ತಿದ್ದುಪಡಿಯಾದ ಅಧಿಕೃತ ಭಾಷೆಗಳ ಕಾಯ್ದೆ, ಫ್ರೆಂಚ್ ಪ್ರಧಾನವಾದ ಕ್ವಿಬೆಕ್ ಪ್ರಾಂತ್ಯದ ಹೊರಗಿನ ಫ್ರೆಂಚ್ ಭಾಷಿಕರ ಪಾಲನ್ನು 1971ರಲ್ಲಿದ್ದ ಮಟ್ಟಕ್ಕೆ, ಅಂದರೆ ಆ ಹೊರಗಿನ ಜನಸಂಖ್ಯೆಯ ಶೇ. 6.1ಕ್ಕೆ, ಮರಳಿ ತರುವ ಗುರಿ ಇಟ್ಟುಕೊಂಡಿದೆ. ಅದಕ್ಕಾಗಿ ಕ್ವಿಬೆಕ್ ಹೊರಗೆ ನೆಲೆಸುವ ಫ್ರೆಂಚ್ ಬಲ್ಲ ವಲಸಿಗರಿಗೆ ವರ್ಷವರ್ಷವೂ ಹೆಚ್ಚುವ ಪಾಲು ಗೊತ್ತುಪಡಿಸಲಾಗಿದೆ. ಆದ್ದರಿಂದ 2025ರಲ್ಲಿ ಈ ವರ್ಗದ ಕಟ್-ಆಫ್ ಒಮ್ಮೆ 379ಕ್ಕೆ ಇಳಿಯಿತು, ಏರಿದಾಗಲೂ 481 ದಾಟಲಿಲ್ಲ. ಓದು, ಬರಹ, ಮಾತು, ಆಲಿಕೆ ನಾಲ್ಕರಲ್ಲೂ ಕೆನಡಾದ ಭಾಷಾ ಅಳತೆಯ ಏಳನೆಯ ಮಟ್ಟ ಮುಟ್ಟಿದರೆ ಎರಡನೆಯ ಭಾಷೆಗೆ 12, ದ್ವಿಭಾಷಿಕತೆಗೆ 50, ಒಟ್ಟು 62 ಅಂಕ ಸೇರುತ್ತವೆ. ನಮ್ಮ ಬಿ.ಇ. ಪದವೀಧರರ 441 ಆಗ 503 ಆಗುತ್ತದೆ, ಕಟ್-ಆಫ್ ಕಡಿಮೆಯಿರುವ ಸರದಿಯಲ್ಲಿ ನಿಲ್ಲುವ ಹಕ್ಕೂ ಬರುತ್ತದೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಕಡೆ ಕ್ರಮವಾಗಿ ಕಲಿಸುತ್ತಾರೆ. ಆದರೆ ಇದು ಮೂರು ತಿಂಗಳ ಕೋರ್ಸಿನಲ್ಲಿ ಆಗುವ ಕೆಲಸವಲ್ಲ. ಏಳನೆಯ ಮಟ್ಟವೆಂದರೆ ಯುರೋಪಿನ ಅಳತೆಯಲ್ಲಿ ಸುಮಾರಾಗಿ ಬಿ2. ಕೆಲಸದ ಜೊತೆಗೆ ಕಲಿಯುವವರು ಅದಕ್ಕೆ ಒಂದೂವರೆ, ಎರಡು ವರ್ಷವನ್ನು ಎತ್ತಿಡಬೇಕು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯನ್ನು ನಾಲ್ಕನೆಯ ಸಲ ಬರೆಯಲು ಹೊರಟವರಿಗೆ, ಕಟ್-ಆಫ್ ಇಳಿಯಲೆಂದು ವರ್ಷಗಟ್ಟಲೆ ಕಾಯುವವರಿಗೆ, ಆ ಸಮಯವನ್ನು ಇಲ್ಲಿ ತೊಡಗಿಸಿ ಎಂದು ನಾನು ಹೇಳುತ್ತೇನೆ. ಕ್ವಿಬೆಕ್‌ಗೆ ಹೋಗುವ ಆಸೆಯಿದ್ದವರು ಮಾತ್ರ ಈ ದಾರಿ ಹಿಡಿಯಬಾರದು. ಆ ಪ್ರಾಂತ್ಯ 1991ರ ಒಪ್ಪಂದದಂತೆ ತನ್ನ ಕುಶಲ ವಲಸಿಗರನ್ನು ತಾನೇ ಆರಿಸುತ್ತದೆ, ಎಕ್ಸ್‌ಪ್ರೆಸ್ ಎಂಟ್ರಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಾಂತ್ಯಗಳ ನಾಮನಿರ್ದೇಶನ ಒಂದೇ ಸಲಕ್ಕೆ 600 ಅಂಕ ತರುವುದರಿಂದ ಅದಕ್ಕೆ ಸರಿಸಾಟಿಯಾದದ್ದು ಬೇರೆ ಇಲ್ಲ. ಆದರೆ 2024ರಲ್ಲಿ 1,10,000 ಇದ್ದ ರಾಷ್ಟ್ರೀಯ ಗುರಿಯನ್ನು 2025ಕ್ಕೆ 55,000ಕ್ಕೆ, ಅಂದರೆ ಅರ್ಧಕ್ಕೆ, ಕಡಿತ ಮಾಡಲಾಯಿತು. 2026ಕ್ಕೆ ಅದನ್ನು ಮತ್ತೆ 91,500ಕ್ಕೆ ಏರಿಸಿದ್ದಾರೆ. ಒಂದು ವರ್ಷ ಅರ್ಧ, ಮರುವರ್ಷ ಒಂದೂವರೆ ಪಟ್ಟಿಗೂ ಹೆಚ್ಚು! ಕೆನಡಾದಲ್ಲಿ ಕೆಲಸದ ಆಫರ್ ಇಲ್ಲದ ಭಾರತೀಯರನ್ನು ವೃತ್ತಿಯ ಆಧಾರದಲ್ಲಿ ಹಿಂದಿನಿಂದಲೂ ಆರಿಸುತ್ತಿದ್ದ ಸಸ್ಕಾಚೆವಾನ್ ಪ್ರಾಂತ್ಯ, 2025ರಲ್ಲಿ ತನ್ನ ನಾಮನಿರ್ದೇಶನಗಳಲ್ಲಿ ಶೇ. 75ನ್ನು ಆಗಲೇ ಕೆನಡಾದಲ್ಲಿರುವ ತಾತ್ಕಾಲಿಕ ವಾಸಿಗಳಿಗೆ ಕೊಡಬೇಕಾಯಿತು.

ಕೆನಡಾ ಸರ್ಕಾರದ ನೀತಿಯ ದಿಕ್ಕನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಂಗತಿ ಇನ್ನೊಂದಿಲ್ಲ. ಮನೆಬಾಡಿಗೆ ಏರಿ, ಆಸ್ಪತ್ರೆಗಳಲ್ಲಿ ಸರದಿ ಬೆಳೆದು, ಜನರ ಅಸಮಾಧಾನ ಹೆಚ್ಚಿದಾಗ, 2025ಕ್ಕೆ 5,00,000 ಹೊಸ ಕಾಯಂ ವಾಸಿಗಳು ಎಂದಿದ್ದ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ 3,95,000ಕ್ಕೆ ಇಳಿಸಲಾಯಿತು. 2026ರಿಂದ 2028ರ ವರೆಗೆ ವರ್ಷಕ್ಕೆ 3,80,000 ಎಂಬುದು ಈಗಿನ ಗುರಿ. 2025ರ ಸಂಖ್ಯೆಯಲ್ಲಿ ಶೇ. 40ಕ್ಕೂ ಹೆಚ್ಚಿನ ಪಾಲು ದೇಶದೊಳಗೆ ಓದುತ್ತಿರುವವರಿಗೆ, ದುಡಿಯುತ್ತಿರುವವರಿಗೆ ಎಂದು ಯೋಜನೆಯೇ ಹೇಳಿತ್ತು. ಹೊಸಬರನ್ನು ತಂದು ಮನೆಗಳ ಮೇಲೆ ಒತ್ತಡ ಹೆಚ್ಚಿಸುವ ಬದಲು ಈಗಾಗಲೇ ಬಾಡಿಗೆ ಕಟ್ಟುತ್ತಿರುವವರನ್ನು ಕಾಯಂ ಮಾಡುವುದು ಅವರ ದೃಷ್ಟಿಯಿಂದ ಸರಿಯೇ. ಆದರೆ ಇದರ ಪರಿಣಾಮವಾಗಿ, ಮೊದಲು ಪಿಆರ್ ಪಡೆದು ನಿಶ್ಚಿಂತೆಯಿಂದ ವಿಮಾನ ಹತ್ತುತ್ತಿದ್ದ ಕಾಲ ಹೋಗಿ, ಮೊದಲು ತಾತ್ಕಾಲಿಕವಾಗಿ ಹೋಗಿ ಆಮೇಲೆ ಅದೃಷ್ಟ ನೋಡುವ ಕಾಲ ಬಂದಿದೆ. ಮೊದಲು ಅರ್ಜಿಯ ಹಂತದಲ್ಲೇ ತೀರ್ಮಾನವಾಗುತ್ತಿದ್ದ ಅನಿಶ್ಚಿತತೆಯನ್ನು ಈಗ ಇಪ್ಪತ್ತೈದರ ಯುವಕ ಯುವತಿಯರೂ, ಅವರಿಗಾಗಿ ಮನೆಪತ್ರ ಅಡವಿಟ್ಟ ತಂದೆತಾಯಂದಿರೂ ಹೊರುತ್ತಿದ್ದಾರೆ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಆ ದಾರಿಯ ಲೆಕ್ಕವನ್ನೂ ನೋಡಬೇಕು. 2025ರಲ್ಲಿ ಕೆನಡಿಯನ್ ಅನುಭವ ವರ್ಗದ ಕಟ್-ಆಫ್ 515ರಿಂದ 547ರ ನಡುವೆ ಓಡಾಡಿತು. ಇಲ್ಲಿ ಪದವಿ ಮುಗಿಸಿ ನೇರವಾಗಿ ಅಲ್ಲಿ ಎರಡು ವರ್ಷದ ಮಾಸ್ಟರ್ಸ್ ಮಾಡಿ, ಎರಡು ವರ್ಷ ಕೆಲಸ ಮಾಡಿದವರಿಗೆ ವಯಸ್ಸಿಗೆ 110, ಮಾಸ್ಟರ್ಸ್‌ಗೆ 135, ಭಾಷೆಗೆ ಗರಿಷ್ಠ 136, ಕೆನಡಾದ ಅನುಭವಕ್ಕೆ 53, ಪದವಿಯೂ ಭಾಷೆಯೂ ಕೂಡಿದ್ದಕ್ಕೆ ಸಿಗುವ ಸಂಯೋಜನೆಯ ಅಂಕ 50, ಅಲ್ಲಿನ ಓದಿಗೆ 30 ಸೇರಿ 514 ಬರುತ್ತದೆ. ವರ್ಷದ ಅತಿ ಕಡಿಮೆ ಕಟ್-ಆಫ್‌ಗೂ ಒಂದಂಕ ಕಮ್ಮಿ. ಆದರೆ ಹೋಗುವ ಮೊದಲು ಇಲ್ಲಿಯೇ ಮೂರು ವರ್ಷ ದುಡಿದಿದ್ದರೆ, ಆ ಅನುಭವವೂ ಭಾಷೆಯೂ ಕೂಡಿ ಇನ್ನೂ 50 ಅಂಕ ತರುತ್ತವೆ. ಆಗ ಅಲ್ಲಿ ಒಂದೇ ವರ್ಷ ಕೆಲಸ ಮಾಡಿದರೂ, ಇಂಗ್ಲಿಷ್ ಒಂಬತ್ತನೆಯ ಮಟ್ಟದಲ್ಲಿದ್ದರೂ, 539 ಆಗುತ್ತದೆ. ಪದವಿ ಮುಗಿದ ಮರುದಿನವೇ ಮಗನನ್ನೋ ಮಗಳನ್ನೋ ಕಳಿಸಲು ಆತುರಪಡುವ ಕುಟುಂಬಗಳು ಗಮನಿಸಬೇಕಾದ ಸಂಗತಿಯಿದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಮಾಡಿದ ಮೂರು ವರ್ಷದ ಕೆಲಸ ವ್ಯರ್ಥವಲ್ಲ, ಅಲ್ಲಿಗೆ ಹೋದಮೇಲೆ ಬೇರೆ ಯಾವ ರೀತಿಯಿಂದಲೂ ಗಳಿಸಲಾಗದ ಅಂಕ ಅದರಲ್ಲಿದೆ. ಓದುತ್ತಾ ಅರೆಕಾಲಿಕವಾಗಿ ಮಾಡಿದ ಕೆಲಸವಾಗಲಿ, ಬೆಂಗಳೂರಿನಲ್ಲಿ ಕುಳಿತು ಕೆನಡಾದ ಕಂಪನಿಗೆ ಮಾಡಿದ ಕೆಲಸವಾಗಲಿ ಕೆನಡಿಯನ್ ಅನುಭವವಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಭಾಷಾ ಪರೀಕ್ಷೆಯಲ್ಲಿ ಅರ್ಧ ಬ್ಯಾಂಡಿನ ಬೆಲೆ ಏನೆಂಬುದು ಹೆಚ್ಚಿನವರಿಗೆ ಮೊದಲೇ ತಿಳಿದಿರುವುದಿಲ್ಲ. ಒಂಬತ್ತನೆಯ ಮಟ್ಟಕ್ಕೆ ಐಇಎಲ್‌ಟಿಎಸ್ ಜನರಲ್‌ನಲ್ಲಿ ಆಲಿಕೆಗೆ 8, ಉಳಿದ ಮೂರಕ್ಕೆ ತಲಾ 7 ಬೇಕು. ಉಳಿದೆಲ್ಲದರಲ್ಲೂ ಆ ಮಟ್ಟ ಮುಟ್ಟಿ ಬರಹದಲ್ಲಿ ಮಾತ್ರ 6.5 ಬಂತೆನ್ನಿ. ಬರಹದ ಅಂಕ 31ರಿಂದ 23ಕ್ಕೆ ಇಳಿಯುತ್ತದೆ, ಎಂಟು ಹೋಯಿತು. ನಷ್ಟ ಅಲ್ಲಿಗೆ ನಿಲ್ಲುವುದಿಲ್ಲ. ಸಂಯೋಜನೆಯ ಅಂಕಗಳು ಪೂರ್ತಿ ಸಿಗಲು ನಾಲ್ಕೂ ಕೌಶಲ ಒಂಬತ್ತನೆಯ ಮಟ್ಟದಲ್ಲಿರಬೇಕಾದ್ದರಿಂದ ಪದವಿಯ 25 ಹೋಗಿ 13 ಆಗುತ್ತದೆ, ಅನುಭವದ 50 ಹೋಗಿ 25 ಆಗುತ್ತದೆ. ಒಟ್ಟು 45 ಅಂಕ, ಒಂದು ಪ್ರಬಂಧದ ಅರ್ಧ ಬ್ಯಾಂಡಿನಿಂದ. ಹೀಗಾದಾಗ ಇನ್ನೊಮ್ಮೆ ಪರೀಕ್ಷೆ ಬರೆಯುವುದು ಖಂಡಿತ ಸರಿ. ನಾಲ್ಕೂ ಒಂಬತ್ತನ್ನು ದಾಟಿದಮೇಲೆ ಮತ್ತೆ ಬರೆದರೆ ಸಿಗುವುದು ಹೆಚ್ಚೆಂದರೆ 12 ಅಂಕ.

ದಾಖಲೆಗಳ ಹಂತದಲ್ಲಿ ನಮ್ಮವರು ಹೆಚ್ಚು ಎಡವುವುದು ಅನುಭವ ಪತ್ರದಲ್ಲಿ. ನಮ್ಮ ಕಂಪನಿಗಳ ರಿಲೀವಿಂಗ್ ಲೆಟರ್‌ನಲ್ಲಿ ಹುದ್ದೆಯ ಹೆಸರು, ಸೇರಿದ ದಿನ, ಬಿಟ್ಟ ದಿನ, ಶುಭ ಹಾರೈಕೆ ಇಷ್ಟೇ ಇರುತ್ತದೆ. ಕೆನಡಾದ ಅಧಿಕಾರಿಗೆ ಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ಕೆಲಸ, ಸಂಬಳ ಎಷ್ಟು, ದಿನನಿತ್ಯ ಮಾಡುತ್ತಿದ್ದ ಕೆಲಸಗಳು ಯಾವುವು ಎಂಬ ವಿವರ. ಆ ಕೆಲಸಗಳು ಅಲ್ಲಿನ ರಾಷ್ಟ್ರೀಯ ವೃತ್ತಿ ವರ್ಗೀಕರಣದಲ್ಲಿ ನೀವು ಆರಿಸಿದ ಸಂಕೇತಕ್ಕೆ ಹೊಂದಬೇಕು. ಹುದ್ದೆಯ ಹೆಸರು ಹೊಂದಿದರೆ ಸಾಲದು. ಆಹ್ವಾನ ಬಂದಮೇಲೆ ಅರ್ಜಿ ಪೂರ್ತಿ ಮಾಡಲು ಇರುವುದು 60 ದಿನ. ಹಿಂದೆಂದೋ ಬಿಟ್ಟ ಕಂಪನಿಯ ಎಚ್‌ಆರ್ ವಿಭಾಗದಿಂದ ಇಂಥ ಪತ್ರ ತರಿಸಲು ಅಷ್ಟು ದಿನ ಸಾಕಾಗುವುದಿಲ್ಲ. ಆದ್ದರಿಂದ ಕೆಲಸ ಬಿಡುವಾಗಲೇ ಕೇಳಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿನ ಪದವಿ ಕೆನಡಾದ ಯಾವ ಪದವಿಗೆ ಸಮ ಎಂದು ತಿಳಿಸುವ ಮೌಲ್ಯಮಾಪನಕ್ಕೂ ಇದೇ ಮಾತು. ಅಂಕಪಟ್ಟಿಗಳ ಅಧಿಕೃತ ಪ್ರತಿ ವಿಶ್ವವಿದ್ಯಾಲಯದಿಂದಲೇ ಹೋಗಬೇಕಾದ್ದರಿಂದ ವಿಟಿಯು ಪದವೀಧರರು ಬೆಳಗಾವಿಯೊಂದಿಗೆ ಮೊದಲೇ ವ್ಯವಹಾರ ಶುರುಮಾಡಬೇಕು. ವರದಿ ಐದು ವರ್ಷ ಊರ್ಜಿತದಲ್ಲಿರುತ್ತದೆ, ಭಾಷಾ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ.

ಹಣದ ವಿಚಾರ. ಇಲ್ಲಿಂದ ಸ್ಕಿಲ್ಡ್ ವರ್ಕರ್ ಆಗಿ ಹೋಗುವ ಒಬ್ಬರು 2025ರ ಜುಲೈ ನಿಯಮದಂತೆ 15,263 ಕೆನಡಿಯನ್ ಡಾಲರ್, ಅಂದರೆ ಒಂಬತ್ತು ಲಕ್ಷ ರೂಪಾಯಿಗೂ ಮೇಲೆ, ತೋರಿಸಬೇಕು. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಶಿಲ್ಕು, ಇರುವ ಸಾಲ ಎರಡೂ ಕಾಣಿಸಬೇಕು. ಊರಿನ ತೋಟ, ಸೈಟಿನ ಬೆಲೆ ಇದಕ್ಕೆ ಬರುವುದಿಲ್ಲ, ಸಾಲ ತಂದು ತುಂಬಿಸಿದ ಹಣವೂ ಬರುವುದಿಲ್ಲ.

ಮದುವೆಯಾದವರು ಇಬ್ಬರ ಲೆಕ್ಕವನ್ನೂ ಪ್ರತ್ಯೇಕವಾಗಿ ಹಾಕಿ, ಹೆಚ್ಚು ಅಂಕ ಬರುವವರನ್ನು ಮುಖ್ಯ ಅರ್ಜಿದಾರರನ್ನಾಗಿ ಮಾಡಬೇಕು. ಗಂಡನೇ ಮುಖ್ಯ ಅರ್ಜಿದಾರನಾಗಬೇಕೆಂಬ ರೂಢಿಯಿಂದ ಅವಕಾಶ ಕಳೆದುಕೊಳ್ಳುವ ಮನೆಗಳುಂಟು. ಸಂಗಾತಿ ಜೊತೆಗೆ ಬರುವುದಿಲ್ಲ ಎಂದು ತೋರಿಸಿ ಒಂಟಿಯವರ ಲೆಕ್ಕದಲ್ಲಿ ಅಂಕ ಹೆಚ್ಚಿಸಿಕೊಳ್ಳುವ ಸಲಹೆಯನ್ನು ಏಜೆಂಟರು ಸಲೀಸಾಗಿ ಕೊಡುತ್ತಾರೆ. ಹಾಗೆ ತೋರಿಸುವುದಕ್ಕೆ ನಿಜವಾದ ಕಾರಣ ಇರಬೇಕು. ಸಂಗಾತಿಯ ಅಥವಾ ಮಗುವಿನ ಹೆಸರನ್ನೇ ಅರ್ಜಿಯಲ್ಲಿ ಬಿಟ್ಟರಂತೂ ಮುಂದೆ ಅವರನ್ನು ಕುಟುಂಬದ ಪ್ರಾಯೋಜನೆಯಲ್ಲಿ ಕರೆಸಿಕೊಳ್ಳುವ ಹಕ್ಕೇ ಹೋಗಬಹುದು. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಐದು ವರ್ಷ ನಿಷೇಧ, ತುಂಬಿದ್ದು ಏಜೆಂಟ್ ಆಗಿದ್ದರೂ ಹೊಣೆ ಸಹಿ ಹಾಕಿದವರದ್ದೇ.

ಕೆಲಸದ ಆಫರ್‌ಗೆ ಸಿಗುತ್ತಿದ್ದ 50 ಅಥವಾ 200 ಅಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ, ಏಕೆಂದರೆ ಆಫರ್‌ಗೆ ಬೇಕಾದ ಅನುಮತಿ ಪತ್ರಗಳೇ ಮಾರಾಟದ ಸರಕಾಗಿದ್ದವು. ಈಗಲೂ ಆಫರ್ ಲೆಟರ್ ಕೊಡಿಸಿ ಅಂಕ ಹೆಚ್ಚಿಸುತ್ತೇವೆ ಎನ್ನುವವರು ಇಲ್ಲದ ಅಂಕವನ್ನು ಮಾರುತ್ತಿದ್ದಾರೆ. ಹಣ ಪಡೆದು ಸಲಹೆ ನೀಡುವವರು ಕೆನಡಾದ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿತರಾಗಿರಬೇಕು, ಇಲ್ಲವೇ ಅಲ್ಲಿನ ವಕೀಲರ ಸಂಘದ ಸದಸ್ಯರಾಗಿರಬೇಕು. ಕಾಲೇಜಿನ ನೋಂದಣಿ ಪಟ್ಟಿ ಸಾರ್ವಜನಿಕವಾಗಿದೆ, ಸಲಹೆಗಾರರ ಹೆಸರು ಅದರಲ್ಲಿದೆಯೇ ಎಂದು ಯಾರು ಬೇಕಾದರೂ ಐದು ನಿಮಿಷದಲ್ಲಿ ನೋಡಬಹುದು.

ಇಷ್ಟೆಲ್ಲ ಲೆಕ್ಕದ ನಂತರವೂ ಉಳಿಯುವ ದೊಡ್ಡ ಸಮಸ್ಯೆ ಸಮಯದ್ದು. ಓದು ಮುಗಿದಮೇಲೆ ಸಿಗುವ ವರ್ಕ್ ಪರ್ಮಿಟ್ ಹೆಚ್ಚೆಂದರೆ ಮೂರು ವರ್ಷದ್ದು, ಅದು ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಮಾಸ್ಟರ್ಸ್ ಸೇರಿದರೆ ಐದು ವರ್ಷದ ಯೋಜನೆಯಾಯಿತು. ಐದು ವರ್ಷ ಮುಂದಕ್ಕೆ ನೋಡಿ ಸಾಲ ಮಾಡುವ ಕುಟುಂಬವೊಂದರ ಮುಂದೆ, ಯಾವ ವರ್ಗ ಇರುತ್ತದೆ ಯಾವುದು ಹೋಗುತ್ತದೆ ಎಂಬುದನ್ನು ಒಂದು ಪ್ರಕಟಣೆಯಿಂದ ಬದಲಿಸಬಲ್ಲ ಸರ್ಕಾರ ನಿಂತಿದೆ. ಯಾರನ್ನು ಕರೆಯಬೇಕೆಂದು ತೀರ್ಮಾನಿಸುವ ಹಕ್ಕು ಕೆನಡಾದ್ದೇ, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ವಿದೇಶಿ ವಿದ್ಯಾರ್ಥಿಗಳ ಶುಲ್ಕದಿಂದ ತನ್ನ ಕಾಲೇಜುಗಳನ್ನು ನಡೆಸಿಕೊಂಡು ಬಂದ ದೇಶ, ವರ್ಗಗಳನ್ನು ಬದಲಿಸುವಾಗ ಆಗಲೇ ಅಲ್ಲಿಗೆ ಬಂದು ಓದುತ್ತಿರುವವರಿಗೆ, ದುಡಿಯುತ್ತಿರುವವರಿಗೆ ಅವರು ಬಂದಾಗಿದ್ದ ನಿಯಮವನ್ನೇ ಪರ್ಮಿಟ್ ಮುಗಿಯುವವರೆಗೆ ಉಳಿಸಿಕೊಡಬಹುದು. ಟೊರೊಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾಗಳಲ್ಲಿ ನೆಲೆಸಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರು ತಮ್ಮ ಸಂಸದರ ಮುಂದೆ ಈ ಒಂದು ಬೇಡಿಕೆಯನ್ನು ಇಡಬಹುದು.